ಕೇಳದೆ ಕೆಡವಿದ ಮನೆಯ ಮಣ್ಣು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತಾರೆ. ಮದುವೆಯ ವಿಷಯ ಬಿಡಿ, ಮನೆಗಳನ್ನಂತೂ ನಾನು ಕಟ್ಟಿದ್ದೇ ಕಟ್ಟಿದ್ದು. ಬಾಗಲೂರಿನ ಆಚೆ ನಮ್ಮೂರಿನಲ್ಲಿ, ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ನೆಲದ ಮೇಲೆ ನಿಂತಿರುವ ಬಾಡಿಗೆ ಮನೆಗಳಲ್ಲಿ ಅರ್ಧದಷ್ಟು ನಾನು ಕಟ್ಟಿಸಿದವೇ. ಹಾಗಾಗಿ ಊರ ಕಣದ ಜಾಗದಲ್ಲಿ ಎಲ್ಲರೂ ಸೇರಿ ಒಂದು ಸಮುದಾಯ ಭವನ ಕಟ್ಟೋಣ ಎಂದು ಮಾತು ಬಂದಾಗ, ನಾಲ್ಕು ಪಿಲ್ಲರ್ ಎಬ್ಬಿಸಿ ಮೇಲೊಂದು ಶೀಟು ಹೊದಿಸಿದರೆ ಮುಗಿಯಿತು ಎಂದುಕೊಂಡಿದ್ದೆ.

ಹೆಂಗಸರು ಒಪ್ಪಲಿಲ್ಲ. ಪಕ್ಕದೂರಿನ ಶೀಟಿನ ಭವನಕ್ಕೆ ಬೇಸಿಗೆಯಲ್ಲಿ ಬೀಗರೂಟಕ್ಕೆ ಹೋಗಿ ಬೆಂದು ಬಂದಿದ್ದರು. ಎಲೆ ಮುಂದೆ ಕೂತವರು ಬೆವರು ಒರೆಸುತ್ತಲೇ ಉಂಡು ಎದ್ದಿದ್ದರಂತೆ. ಅಂಥದ್ದು ನಮಗೆ ಬೇಡ ಎಂದು ಸಭೆಯಲ್ಲೇ ಹೇಳಿಬಿಟ್ಟರು.

ನಮ್ಮ ಮನೆಯ ಎರಡನೇ ಮಹಡಿಯಲ್ಲಿ ಬಾಡಿಗೆಗಿದ್ದ ಹುಡುಗಿ ಆರ್ಕಿಟೆಕ್ಟು. ಬೇರೆ ಬೇರೆ ಊರುಗಳಲ್ಲಿ ಮಣ್ಣು, ಕಲ್ಲು, ಸುಣ್ಣದಲ್ಲಿ ಕಟ್ಟಡ ಮಾಡುವವಳು. ನಾನು ಕಟ್ಟಿದ ಮನೆಯಲ್ಲಿದ್ದುಕೊಂಡೇ ಮಧ್ಯಾಹ್ನದ ಹೊತ್ತು ಗೋಡೆ ಮುಟ್ಟಿ, "ಅಂಕಲ್, ಇದರ ಮೇಲೆ ದೋಸೆ ಹುಯ್ಯಬಹುದು" ಎಂದು ಚುಚ್ಚುತ್ತಿದ್ದಳು. ಸಭೆಯಲ್ಲಿ ಅವಳ ಹೆಸರು ಬಂದಾಗ ನನಗೆ ಮೈಯೆಲ್ಲ ಉರಿಯಿತು. ಬಾಡಿಗೆಯವಳು ಬಂದು ಮಾಲೀಕನಿಗೆ ಕಟ್ಟೋದು ಕಲಿಸಬೇಕೆ? ಆದರೂ ಊರಿನ ಮಾತು, ಮೀರುವ ಹಾಗಿರಲಿಲ್ಲ. ಮೇಸ್ತ್ರಿಗಳನ್ನು ನೋಡಿಕೊಳ್ಳುವ ಕೆಲಸ ನನಗೆ, ನಕ್ಷೆ ಅವಳಿಗೆ ಎಂದಾಯಿತು.

ಅವಳು ನಕ್ಷೆ ಬರೆಯಲೇ ಇಲ್ಲ. ತಿಂಗಳೊಪ್ಪತ್ತು ಬರೀ ಕೇಳಿದಳು. ಕಣದಲ್ಲಿ ಸುಣ್ಣದ ಪುಡಿ ಎಳೆದು, ಇಲ್ಲಿ ಬಾಗಿಲು, ಇಲ್ಲಿ ಜಗಲಿ ಎಂದು ತೋರಿಸಿ, ಮುದ್ದೆ ತಿರುವೋದು ಎಲ್ಲಿ, ಹೊಗೆ ಯಾವ ಕಡೆ ಹೋಗುತ್ತೆ, ಕೈ ತೊಳೆದ ನೀರು ಯಾವ ಗಿಡಕ್ಕೆ ಹೋಗಲಿ ಎಂದು ಒಬ್ಬೊಬ್ಬರನ್ನೂ ಕೇಳಿದಳು. ಒಬ್ಬಾಕೆ ಅಡುಗೆಮನೆಯನ್ನು ಪೂರ್ವದಿಂದ ಎತ್ತಿ ಹಿಂದಕ್ಕೆ ಹಾಕಿಸಿದಳು. ಇನ್ನೊಬ್ಬಾಕೆ ಬಾಣಂತಿಯರು ಮಗುವಿಗೆ ಹಾಲು ಕೊಡಲು ಮರೆ ಬೇಕು ಎಂದಳು. ಊರೆಲ್ಲ ಇಂಜಿನಿಯರ್ ಆಯಿತು ಎಂದು ನಾನು ನಕ್ಕೆ. ನನ್ನ ಇಷ್ಟು ವರ್ಷದ ಕಸುಬಿನಲ್ಲಿ, ಮನೆಯಲ್ಲಿ ಇರುವವರನ್ನು ಕೇಳಿ ನಾನು ಒಂದು ಕಿಟಕಿಯನ್ನೂ ಇಟ್ಟವನಲ್ಲ.

ನಮ್ಮ ಅವ್ವ ಮಾತ್ರ ಕಣದ ಕಡೆ ಬರಲಿಲ್ಲ. ಆ ಹುಡುಗಿ ಕರೆದಳು, ನನ್ನ ಹೆಂಡತಿ ಕರೆದಳು. "ಕಟ್ಟೋರು ನೀವು, ನಂದೇನೈತೆ ಅಲ್ಲಿ" ಎಂದು ಮಂಚದ ಮೇಲೆಯೇ ಕೂತಳು. ಅದು ಯಾಕೆ ಎಂದು ನನಗೆ ಗೊತ್ತಿತ್ತು, ಅಥವಾ ಗೊತ್ತಿದೆ ಎಂದುಕೊಂಡಿದ್ದೆ.

ಹಿಂದೊಮ್ಮೆ ಅವ್ವ ತನ್ನ ತಮ್ಮನ ಮಗಳ ಮದುವೆಗೆ ತವರಿಗೆ ಹೋದವಳು ಹದಿನೈದು ದಿನ ಅಲ್ಲೇ ಉಳಿದಳು. ಅಷ್ಟರಲ್ಲಿ ನಾನು ನಮ್ಮ ಹಳೆಯ ಮಣ್ಣಿನ ಮನೆಯನ್ನು ಕೆಡವಿಸಿದೆ. ಬರುವಷ್ಟರಲ್ಲಿ ಹೊಸ ಮನೆಗೆ ಪಾಯ ಎದ್ದಿರಬೇಕು, ನೋಡಿ ಹಿಗ್ಗಬೇಕು ಎಂಬ ಹುಮ್ಮಸ್ಸು. ಜೆಸಿಬಿಗೆ ಅದು ಒಂದು ಬೆಳಗಿನ ಕೆಲಸ. ಮಣ್ಣನ್ನು ಟ್ರ್ಯಾಕ್ಟರಿನಲ್ಲಿ ಸಾಗಿಸಿ ಕಣದ ಮೂಲೆಗೆ ಸುರಿಸಿದೆ. ಅವ್ವ ಬಂದು, ಬ್ಯಾಗು ಹಿಡಿದುಕೊಂಡೇ ರಸ್ತೆಯಲ್ಲಿ ನಿಂತು ಆ ಬಯಲನ್ನು ನೋಡಿದಳು. ನೀರು ಕೇಳಿ ಕುಡಿದಳು. ಅಷ್ಟೇ. ಮೂರು ಮಹಡಿ ಎದ್ದರೂ, ಗೃಹಪ್ರವೇಶವಾದರೂ ಆ ಮನೆಯ ಬಗ್ಗೆ ಒಂದು ಮಾತು ಆಡಲಿಲ್ಲ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಭವನದ ಗೋಡೆಗೆ ಒತ್ತಿಸುವ ಇಟ್ಟಿಗೆಗೆ ಮಣ್ಣು ಆರಿಸುವಾಗ ಇದು ಮತ್ತೆ ಎದುರಿಗೆ ಬಂತು. ಮರಳೆಷ್ಟು, ಜಿಗುಟೆಷ್ಟು ಎಂದು ನೋಡಲು ಹುಡುಗಿ ಅಲ್ಲಲ್ಲಿಯ ಮಣ್ಣನ್ನು ನೀರಿನ ಬಾಟಲಿಗಳಲ್ಲಿ ಕಲಕಿ ಇಟ್ಟಿದ್ದಳು. ಕಣದ ಮಣ್ಣಿನಲ್ಲಿ ಬರೀ ಮರಳು. ಕೆರೆಯ ಗೋಡುಮಣ್ಣಿನಲ್ಲಿ ಜಿಗುಟು ಹೆಚ್ಚಾಗಿ, ಒಣಗಿದರೆ ಬಿರುಕು ಬಿಡುತ್ತಿತ್ತು. ಮೂಲೆಯಲ್ಲಿ ಹುಲ್ಲು ಬೆಳೆದು ಗುಡ್ಡೆಯಾಗಿದ್ದ ಮಣ್ಣು ಮಾತ್ರ ಹದವಾಗಿ ಬಂತು. ಅವಳು ಅದನ್ನು ಅಂಗೈಯಲ್ಲಿ ಪುಡಿಮಾಡಿ ನೋಡಿದಳು. ರಾಗಿ ಹುಲ್ಲಿನ ಚೂರು, ಸುಣ್ಣದ ಚಕ್ಕೆ ಕಂಡವು.

"ಇದು ಆಗ್ಲೇ ಒಂದ್ಸಲ ಗೋಡೆ ಆಗಿದ್ದ ಮಣ್ಣು ಅಲ್ವಾ ಅಂಕಲ್? ಯಾರ ಮನೇದು?"

"ನಮ್ಮದೇ. ತಗೋಳಮ್ಮ" ಎಂದೆ.

"ನಿಮ್ಮದಾ, ಅಜ್ಜೀದಾ?"

ನಾನು ಗುಡ್ಡೆಯ ಮೇಲಿನ ಹುಲ್ಲು ಕೀಳತೊಡಗಿದೆ. ಅವಳು ಕೈ ಕೊಡವಿಕೊಂಡು, "ಅಜ್ಜೀನ ಒಂದು ಮಾತು ಕೇಳಿ ಹೇಳಿ. ಆಮೇಲೆ ಇಟ್ಟಿಗೆ ಒತ್ತಿಸೋಣ" ಎಂದಳು.

ಒಂದು ವಾರ ನಾನು ಕೇಳಲಿಲ್ಲ. ಕೆಲಸದವರು ಬಂದು ಬಂದು ವಾಪಸ್ಸಾದರು. ಕಾರ್ಪೊರೇಟರ್ ಎದುರು, ಪೊಲೀಸರ ಎದುರು ಗಂಟಲು ಬಿಚ್ಚುವ ನನಗೆ, ಹೆತ್ತವಳ ಎದುರು ಬಾಯಿ ಬರಲಿಲ್ಲ. ಕೇಳಿದರೆ ಎಲ್ಲಿ ಅತ್ತುಬಿಡುತ್ತಾಳೋ, ಬೇಡ ಅಂದುಬಿಡುತ್ತಾಳೋ ಎಂಬ ಹೆದರಿಕೆ. ಬೇಡ ಅಂದರೆ ಇನ್ನು ಈ ಜನ್ಮದಲ್ಲಿ ಅವಳು ನನ್ನನ್ನು ಕ್ಷಮಿಸುವುದಿಲ್ಲ ಎಂಬುದು ಗಟ್ಟಿಯಾಗುತ್ತಿತ್ತು.

ಅವರೆಕಾಯಿಯ ಕಾಲ. ಒಂದು ಬೆಳಗ್ಗೆ ಅವ್ವ ಹಿಂದಿನ ಬಾಗಿಲಲ್ಲಿ ಮೊರ ಇಟ್ಟುಕೊಂಡು ಕಾಯಿ ಸುಲಿಯುತ್ತಿದ್ದಳು. ಪಕ್ಕದಲ್ಲಿ ಕೂತೆ.

"ಅವ್ವ, ನಮ್ ಅಳೇ ಮನೆ ಮಣ್ಣು ಕಣದ್ ಮೂಲೇಲಿ ಐತಲ್ಲ. ಅದನ್ನ ಭವನದ ಗೋಡೆಗೆ ಆಕ್ಬೇಕು ಅಂತವ್ರೆ. ಆಕ್ಲಾ?"

ಅವಳ ಕೈ ನಿಂತಿತು. "ನನ್ ಕೇಳ್ತಿದ್ದೀಯಾ?"

"ಊಂ."

"ಆವತ್ತು ಕೇಳಿದ್ರೂ ಕೆಡವು ಅಂತ್ಲೇ ಅಂತಿದ್ದೆ ಕಣಪ್ಪ" ಎಂದಳು. "ಮಳೆ ಬಂದ್ರೆ ಮನೆ ತುಂಬಾ ಪಾತ್ರೆ ಇಡ್ತಿದ್ದೋಳು ನಾನು. ನೆಲ ಸಾರ್ಸಿ ಸಾರ್ಸಿ ಸೊಂಟ ಓಗಿದ್ದು ನಂದು. ಒಸಾ ಮನೆ ನಂಗ್ ಬ್ಯಾಡ್ವಾಗಿತ್ತಾ?"

ನಾನು ಅವಳ ಮುಖ ನೋಡಿದೆ. ಇಷ್ಟು ವರ್ಷ ಅವಳು ಆ ಗೋಡೆಗಳಿಗಾಗಿ ಕೊರಗುತ್ತಿದ್ದಾಳೆ ಎಂದೇ ನಂಬಿದ್ದೆ. ಅದಕ್ಕೆ ತಕ್ಕ ಸಮಾಧಾನಗಳನ್ನೂ ಮನಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದೆ.

"ಮತ್ತೆ ಯಾಕವ್ವ ಅಂಗ್ ಸುಮ್ನಾಗ್ಬಿಟ್ಟೆ?"

"ಜೆಸಿಬಿ ಓಡ್ಸೋನ್ಗೆ ಗೊತ್ತಿತ್ತು. ಎದುರು ಮನೆಯೋಳ್ಗೆ ಗೊತ್ತಿತ್ತು. ಮದ್ವೆಗ್ ಬಂದಿದ್ದ ನಿನ್ನೆಂಡ್ತಿಗೂ ಗೊತ್ತಿತ್ತು, ನನ್ ಪಕ್ಕದಲ್ಲೇ ಕೂತು ಉಂಡ್ಲು. ಆ ಮನೇಲಿ ಐದು ಮಕ್ಳು ಎತ್ತು ಸಾಕ್ದೋಳು ನಾನು. ನಂಗೊಬ್ಳಿಗೆ ಗೊತ್ತಿರ್ಲಿಲ್ಲ."

ದನಿ ಏರಲಿಲ್ಲ, ಕಣ್ಣೂ ಒದ್ದೆಯಾಗಲಿಲ್ಲ. ಒದ್ದೆಯಾಗಿದ್ದು ನನ್ನ ಕಣ್ಣು. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಅವಳು ಇದನ್ನು ಒಬ್ಬಳೇ ಇಟ್ಟುಕೊಂಡು ಇಷ್ಟು ವರ್ಷ ನನಗೆ ಅನ್ನ ಬಡಿಸಿದ್ದಳಲ್ಲ ಎಂದು ಸಂಕಟವಾಯಿತು.

"ತಪ್ಪಾಯ್ತವ್ವ" ಎಂದೆ.

ಅವ್ವ ಮೊರವನ್ನು ನನ್ನ ಕಡೆಗೆ ಸ್ವಲ್ಪ ತಳ್ಳಿದಳು.

"ಮಣ್ಣು ತಗಂಡೋಗು. ಈಗ ಇದನ್ನ ಸುಲಿ. ಉಳ ಇರೋ ಕಾಯಿ ಆ ಕಡೀಕಾಕು."