ಬಲದಿಯಾದಲ್ಲಿ ತಮ್ಮನ ಮಾತು

ತಮ್ಮ ಕಸದ ಲಾರಿಯಿಂದ ಬಿದ್ದು ಮೊಣಕೈ ಊದಿಸಿಕೊಂಡಾಗ ನಾವಿಬ್ಬರೂ ಸೌದಿಯ ಹುಫೂಫ್‌ನಲ್ಲಿದ್ದೆವು. ಬಲದಿಯಾ, ಅಂದರೆ ಅಲ್ಲಿನ ನಗರಸಭೆ, ಬೀದಿ ಗುಡಿಸುವ ಕೆಲಸವನ್ನು ಗುತ್ತಿಗೆಗೆ ಕೊಟ್ಟಿತ್ತು. ಆ ಗುತ್ತಿಗೆದಾರನೇ ನಮ್ಮ ಕಫೀಲ್, ನಮ್ಮ ವೀಸಾದ ಹೊಣೆ ಹೊತ್ತ ಧಣಿ. ನಮ್ಮ ವಾಸದ ಪರವಾನಗಿ ಚೀಟಿ, ಇಕಾಮಾ, ಅವನ ಕಪಾಟಿನಲ್ಲಿತ್ತು. ಅದಿಲ್ಲದೆ ಆಸ್ಪತ್ರೆಗೆ ಹೋಗಲು ಹೆದರಿಕೆ. ದಾರಿಯಲ್ಲಿ ಪೊಲೀಸರು ಹಿಡಿದರೆ ಕಥೆ ಮುಗಿಯಿತು.

ಕೆಲವು ದಿನಗಳ ಹಿಂದೆಯಷ್ಟೇ ಬಲದಿಯಾದ ಅಧಿಕಾರಿಯೊಬ್ಬರು ನಮ್ಮ ಶೆಡ್ಡಿಗೆ ಬಂದಿದ್ದರು. ಗಾಯವಾದರೆ ಚಿಕಿತ್ಸೆ ಕೆಲಸಗಾರನ ಹಕ್ಕು, ಯಾರಾದರೂ ಕೊಡಿಸದಿದ್ದರೆ ನೇರವಾಗಿ ನನ್ನ ಹತ್ತಿರ ಬನ್ನಿ ಎಂದಿದ್ದರು. ಅದನ್ನು ಶೆಡ್ಡಿನಲ್ಲಿದ್ದ ನಮ್ಮ ಊರಿನವರಿಗೆಲ್ಲ ತಿಳಿಸಿ ಹೇಳಿದವನು ನಾನೇ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನಾದರೂ ಈ ಕೆಲಸಕ್ಕೆ ಮೊದಲು ಖರ್ಜೂರದ ಮಂಡಿಯಲ್ಲಿ ಮೂಟೆ ಹೊರುತ್ತ ಅರಬಿ ಕಲಿತಿದ್ದೆ. ತಮ್ಮನಿಗೆ ಅರಬಿ ಬರುತ್ತಿರಲಿಲ್ಲ.

“ಅವರೇ ಬನ್ನಿ ಹೇಳಿದ್ದಲ್ವಾ ಕಾಕ? ನೀನು ಬಾಯಿ ಬಿಟ್ಟರೆ ಸಾಕು,” ಎಂದ. ಅಣ್ಣನಾದ ನನ್ನನ್ನು ಅವನು ಕರೆಯುವುದೇ ಕಾಕ ಎಂದು.

ಹೋದೆವು. ಅಧಿಕಾರಿ ಎದ್ದು ಕೈಕುಲುಕಿ ಕೂರಿಸಿದರು. ಅಷ್ಟರಲ್ಲಿ ಕಫೀಲ್‌ನ ಕಡೆಯ ನಮ್ಮ ಮೇಸ್ತ್ರಿ ಒಳಗೆ ಬಂದ. ಅವನೂ ಮಂಗಳೂರು ಕಡೆಯವನೇ. ಎರಡೂ ಭಾಷೆ ಬಲ್ಲವನು.

“ಎಂತ ಮಾರಾಯ, ಅಣ್ಣ ತಮ್ಮ ಮದುವೆಗೆ ಹೊರಟದ್ದಾ?” ಎಂದು ಬಾಗಿಲಿಗೆ ಒರಗಿ ನಿಂತ.

ನಾಳೆ ಇಬ್ಬರನ್ನೂ ಹೊರಹಾಕಿದರೆ? ನನ್ನ ಮಡದಿ, ಮಕ್ಕಳು, ಕಟ್ಟಿ ಅರ್ಧಕ್ಕೆ ನಿಂತ ಮನೆ, ಎಲ್ಲವೂ ಕಣ್ಣ ಮುಂದೆ ಬಂದವು. ತಮ್ಮ ಮಾತ್ರ ಮೇಸ್ತ್ರಿಯತ್ತ ನೋಡದೆ ಅಂಗಿಯ ತೋಳು ಮೇಲೆತ್ತಿ, ಬಿದ್ದದ್ದು, ನೋವು, ಇಕಾಮಾ, ಒಂದನ್ನೂ ಬಿಡದೆ ಹೇಳಿದ. ಹೇಳಿ ನನ್ನ ಮುಖ ನೋಡಿದ.

ನಾನು ಅರಬಿಯಲ್ಲಿ ಹೇಳಿದೆ: “ಜಾರಿ ಬಿದ್ದನಂತೆ. ಕಫೀಲ್ ಔಷಧಿ ಕೊಡಿಸಿದ್ದಾರೆ. ನೀವು ಅಂದು ಶೆಡ್ಡಿಗೆ ಬಂದದ್ದಕ್ಕೆ ಕೃತಜ್ಞತೆ ಹೇಳಲು ಬಂದಿದ್ದಾನೆ.”

ಅಧಿಕಾರಿಯ ಮುಖ ಅರಳಿತು. ತಮ್ಮನ ಭುಜ ತಟ್ಟಿ, ನಮಗೆ ಚಹಾ ತರಿಸಿದರು. ನಾನು ನನ್ನ ಲೋಟವನ್ನು ಮೇಜಿನ ಮೇಲೆ ಇಟ್ಟೆ. ತಮ್ಮ ಎಡಗೈಯಲ್ಲಿ ಲೋಟ ಹಿಡಿದು ಖುಷಿಯಾಗಿ ಕುಡಿದ.

ಹೊರಗೆ ಮೇಸ್ತ್ರಿ, “ನಿನ್ನ ಅರಬಿ ಭಾರೀ ಒಳ್ಳೆದುಂಟು,” ಎಂದು ನಕ್ಕ. ತಮ್ಮನೂ ಹೆಮ್ಮೆಯಿಂದ ನಕ್ಕ.

ತಮ್ಮ ಬಹಳ ದಿನ ಕಾದ. ಬಲದಿಯಾದಿಂದ ಯಾರೂ ಬರಲಿಲ್ಲ. ಮೂಳೆ ಸೊಟ್ಟಗೆ ಕೂಡಿಕೊಂಡಿತು. ಆ ಕೈ ಇವತ್ತಿಗೂ ನೇರವಾಗುವುದಿಲ್ಲ. ಊರಲ್ಲಿ ಯಾರಾದರೂ ವಿಚಾರಿಸಿದರೆ ಹೇಳುತ್ತಾನೆ: “ಸರ್ಕಾರದವರು ತಲೆ ಆಡಿಸ್ತಾರೆ, ಮಾಡುದಿಲ್ಲ. ನಮ್ಮ ಕಾಕ ಎಷ್ಟು ಚಂದ ಮಾಡಿ ಹೇಳಿದ್ದು ಗೊತ್ತುಂಟಾ?”

ಆಗೆಲ್ಲ ನಾನು ಅವನ ಪಕ್ಕದಲ್ಲೇ ಕೂತಿರುತ್ತೇನೆ.