ಅಮಾಸಿಗೆ ಆರಿದ ಸರ್ವರ್

ಮನಿದೇವ್ರಾಣಿ, ಇದರಾಗ ಒಂದಕ್ಷರನೂ ಸುಳ್ಳಿಲ್ಲ. ಪೋತ್ನಾಳದ ಅಕ್ಕಿ ಗಿರಣಿಯೊಳಗ ಸರ್ವರ್ ಕೂಡಿಸಿ, ದಾಸ್ತಾನೆಲ್ಲಾ ಮೊಬೈಲಿನಾಗ ಕಾಣೋಹಂಗ ಮಾಡಿಕೊಟ್ಟಿದ್ದೆ. “ಭೂಮಿ ನಿಂತರೂ ಇದು ನಿಲ್ಲಂಗಿಲ್ಲ” ಅಂತ ಗಿರಣಿ ಸಾವ್ಕಾರ್ರಿಗೆ ಮಾತೂ ಕೊಟ್ಟಿದ್ದೆ. ಅವರು ನನ್ನನ್ನೂ ಕರಕೊಂಡು ಹೋಗಿ ರಾಯಚೂರಿನಾಗ ದೊಡ್ಡ ಗಿರಾಕಿಗೆ ಅದನ್ನ ತೋರಿಸಿ ವ್ಯಾಪಾರ ಕುದುರಿಸಬೇಕಂತ ಕುಂತಾಗ ಪರದೆ ಖಾಲಿ! ಸಾವ್ಕಾರ್ರು ನನ್ನ ಕಡೆ ಗುರಾಯಿಸಿದರು. ನಾನು ಗಿರಣಿಗೆ ಫೋನ್ ಹಚ್ಚಿದೆ.

“ಇವತ್ತು ಅಮಾಸಿ ರೀ,” ಅಂದ ಮೇಸ್ತ್ರಿ ಬಸಣ್ಣ. “ಮಷೀನೆಲ್ಲಾ ಬಂದ್ ಮಾಡಿ ಪೂಜಿ ಮಾಡೀವಿ. ನಿಮ್ಮ ಡಬ್ಬಿಗೂ ಕಾಯಿ ಒಡದೀವಿ.”

“ಅದರ ಮ್ಯಾಲೇನೋ?”

“ಛೇ, ಮುಂದ ರೀ!”

“ಬಸಣ್ಣಾ, ಅದು ಮಷೀನಲ್ಲೋ, ನಂದಾದೀಪ! ಆರಿಸಬಾರದು.”

“ಯಪ್ಪಾ, ಮೊದಲ ಹೇಳಬಾರದೇನ್ರೀ!” ಅಂತ ಓಡಿಹೋಗಿ ಚಾಲೂ ಮಾಡಿದ. ಪರದೆ ತುಂಬ ದಾಸ್ತಾನು ಬಂತು, ವ್ಯಾಪಾರ ಕುದುರಿತು, ಗಿರಾಕಿ ಎದ್ದುನಿಂತು ನನಗೆ ಶಾಲು ಹೊದಿಸಿದ.

ಶಾಲಿನ ಮಾತೊಂದು ನಾ ಸೇರಿಸಿದ್ದು. ಅವ ಕೊಟ್ಟದ್ದು ಅರ್ಧ ಕಪ್ ಚಾ.