ರೆಂಜೆಯ ಲಟ್ಟಣಿಗೆ

ಅಜ್ಜಿಯ ಒನಕೆ ಮುರಿದಾಗ ಅದರಲ್ಲಿ ಉಳಿದ ಗಟ್ಟಿ ತುಂಡು ಒಂದೇ. ಮೈಸೂರಿನಲ್ಲಿ ಬಡಗಿಯಾಗಿದ್ದ ಅಪ್ಪ ಅದನ್ನು ಲೇತಿಗೆ ಕೊಟ್ಟು ಲಟ್ಟಣಿಗೆ ಮಾಡಿದರು. ಅದು ರೆಂಜೆ, ಅಂದರೆ ಬಕುಳದ ಮರ. ವರ್ಷವಿಡೀ ಹಸಿರಾಗಿರುವ ಆ ಮರ ಬೆಳೆಯುವುದು ಎಷ್ಟು ನಿಧಾನವೆಂದರೆ, ನೆಟ್ಟವರಿಗೆ ಹೂವಷ್ಟೇ, ಒನಕೆಗೋ ಗಾಣಕ್ಕೋ ಕಡಿಯುವವರು ಮೊಮ್ಮಕ್ಕಳು ಎನ್ನುತ್ತಿದ್ದರು. ಹೆಣ್ಣುಮಕ್ಕಳು ಇಬ್ಬರಾದ್ದರಿಂದ ಹಲಸಿನ ತುಂಡಿನಲ್ಲಿ ಅದೇ ಅಳತೆಯ ಇನ್ನೊಂದನ್ನೂ ಮಾಡಿದರು. ಎಣ್ಣೆ, ಹಿಟ್ಟು, ಕೈಬೆವರು ಕುಡಿದು ಈಗ ಎರಡೂ ಒಂದೇ ಬಣ್ಣ. ಒಂದು ಈ ಪರದೇಶದ ಟೂಂಗಾಬಿಯಲ್ಲಿ ನನ್ನ ಹತ್ತಿರವಿದೆ, ಇನ್ನೊಂದು ಇದೇ ದೇಶದ ಇನ್ನೊಂದು ಊರು ಪಾಯಿಂಟ್ ಕುಕ್‌ನಲ್ಲಿ ತಂಗಿಯ ಹತ್ತಿರ.

ರೆಂಜೆಯದು ನನ್ನದು. ಹಾಗೆಂದು ಇಪ್ಪತ್ತು ವರ್ಷದಿಂದ ಹೇಳುತ್ತ ಬಂದಿದ್ದೆ. ಹೋದ ಈಸ್ಟರ್ ರಜೆಯಲ್ಲಿ ತಂಗಿಯ ಅಡುಗೆಮನೆಯಲ್ಲೂ ಹೇಳಿದೆ, ಅವಳ ಗೆಳತಿಯರ ಎದುರಿಗೇ.

"ಅಪ್ಪ ರೆಂಜೇದು ನಂಗೆ ಕೊಟ್ಟಿದ್ದು ಕಣಕ್ಕ," ಅಂದಳು.

"ನಿಂದು ಹಲಸಿಂದು ಕಣೇ. ನೀನಾಗ ಇನ್ನೂ ಕಾಲೇಜು, ನಿಂಗೇನು ಗೊತ್ತು?"

"ಹೂಂ, ಎಲ್ಲಾ ನಿಂಗೇ ಗೊತ್ತು. ಅಪ್ಪನ್ನೂ ನೀನೇ ಇಟ್ಕೋ."

ನಕ್ಕಳು ಅಂದುಕೊಂಡೆ. ಆಮೇಲೆ ಅವಳ ಭಾನುವಾರದ ಫೋನ್ ನಿಂತಿತು. ನನ್ನೊಬ್ಬಳಿಗೆ ಎರಡು ಚಪಾತಿ ಲಟ್ಟಿಸುವಾಗ ಮಾತಾಡಲು ಇದ್ದವಳು ಅವಳೊಬ್ಬಳೇ.

ಕೇಳೋಣವೆಂದರೆ ಅಪ್ಪ ಈಗಿಲ್ಲ. ಹಳೆಯ ಡೈರಿ ತೆಗೆದು ನೋಡಿದೆ. ಅಪ್ಪ ಲಟ್ಟಣಿಗೆ ಕೊಟ್ಟ ವಾರ ನಾನು ಬರೆದದ್ದೆಲ್ಲ ವೀಸಾದ ವಿಷಯ. ಹಾಗಾದರೆ "ರೆಂಜೇದು ನಿಂಗೆ" ಎಂದ ಅಪ್ಪನ ದನಿ ಎಲ್ಲಿಂದ ಬಂತು? ಬೇಕಾದ್ದನ್ನು ಅವರ ಬಾಯಲ್ಲಿ ನಾನೇ ಹೇಳಿಸಿದೆನೇ?

ಹಳೆಯ ರೆಂಜೆ ನೀರಿನಲ್ಲಿ ಮುಳುಗುತ್ತದೆ, ಹಲಸು ತೇಲುತ್ತದೆ. ಇದನ್ನು ಹೇಳಿದವರೂ ಅಪ್ಪನೇ, ಆದರೆ ಇದನ್ನು ಪರೀಕ್ಷಿಸಬಹುದು. ಇವತ್ತು ಸಿಂಕ್ ತುಂಬಿಸಿ ಲಟ್ಟಣಿಗೆ ಬಿಟ್ಟೆ. ತೇಲಿತು. ಅದುಮಿದೆ, ಮತ್ತೆ ಮೇಲೆ ಬಂತು.

ಕೈ ಒರೆಸಿಕೊಂಡು ತಂಗಿಗೆ ಫೋನ್ ಮಾಡಿದೆ.

"ನಂದು ತೇಲ್ತು ಕಣೇ. ನಿಂದೇ ರೆಂಜೆ. ತಪ್ಪು ನಂದು."

"ತಾಳು, ನೋಡ್ತೀನಿ," ಎಂದು ಅವಳು ನಲ್ಲಿ ಬಿಟ್ಟಳು. ನೀರು ತುಂಬುವುದು ಕೇಳಿಸಿತು. ನಲ್ಲಿ ನಿಂತಿತು. ಆಮೇಲೆ ಸಿಂಕಿನ ತಳಕ್ಕೆ ಏನೋ ಟಣ್ ಎಂದು ಬಡಿಯಿತು.

"ನಂದೂ ತೇಲ್ತಾ ಇದೆ ಕಣಕ್ಕ," ಅಂದಳು. "ಅಪ್ಪ ಇಬ್ರಿಗೂ ಟೋಪಿ ಹಾಕಿದಾರೆ, ಬಿಡು. ಊಟ ಆಯ್ತಾ?"

ಆ ಸದ್ದನ್ನು ನಾನು ಕೇಳಿದ್ದು ನಿಜ. ನೆನಪು ಅದನ್ನು ತಿದ್ದುವ ಮುಂಚೆ ಇಲ್ಲಿ ಬರೆದಿಡುತ್ತಿದ್ದೇನೆ. ಅವಳಿಗೆ ಮಾತ್ರ, "ಇನ್ನೂ ಇಲ್ಲ, ಲಟ್ಟಣಿಗೆ ಒಣಗ್ಬೇಕು," ಅಂದೆ. ಒಣಗುವ ತನಕ ಅವಳು ಫೋನ್ ಇಡಲಿಲ್ಲ.